ಅವರವರ ಪಾಲಿನ ಕತೆ

ಉಪ್ಪು, ಕರ ಅಂತ ಜನ ಹಿಂಡುಹಿಂಡಾಗಿ ಜೈಲಿಗೆ ಹೋಗುತ್ತಿದ್ದ ಕಾಲ ಅದು. ನನಗೆ ಎಂಟೋ ಒಂಬತ್ತೋ ವರ್ಷ. ಅಂಕೋಲೆಯ ಆಚೆ, ಹಳ್ಳದ ದಂಡೆಯ ನಮ್ಮೂರಲ್ಲಿ ಆಗ ಯಾರೂ ಇಡೀ ಕತೆ ಹೇಳುತ್ತಿರಲಿಲ್ಲ. ಊರಲ್ಲಿ ಏನೇ ನಡೆದರೂ, ಅದಕ್ಕೆ ಕೈಹಾಕಿದವರು ತಮ್ಮ ತಮ್ಮ ಪಾಲನ್ನಷ್ಟೇ ಹೇಳಬೇಕು. "ಮುಂದೇನಾಯ್ತು?" ಅಂತ ನಾವು ಮಕ್ಕಳು ಕಾಡಿದರೆ, "ಅದು ಸುಕ್ರು ಪಾಲಿಂದು. ಅವ ಬರ್ಲಿ, ಅವನೇ ಹೇಳ್ತ" ಅನ್ನುತ್ತಿದ್ದರು. ಕಗ್ಗದಕ್ಕಿ ಗಂಜಿ, ಸುಟ್ಟ ಒಣಮೀನು ಮುಗಿದು ಕೈ ತೊಳೆದರೂ, ನೆರೆಮನೆಯ ಸುಕ್ರು ಬರುವತನಕ ಕತೆ ಅಲ್ಲೇ ನಿಂತಿರುತ್ತಿತ್ತು.

ಆ ಮಳೆಗಾಲ ಅಮಾಸೆಯ ಭರತಿಗೆ ಗಜನಿಯ ಒಡ್ಡು ಒಡೆಯಿತು. ಗಜನಿ ಅಂದರೆ ಉಪ್ಪುನೀರಿನ ಅಂಚಿನ ನಮ್ಮ ಗದ್ದೆ. ಸಮುದ್ರದ ನೀರು ಒಳನುಗ್ಗಿದರೆ ಇಡೀ ಊರಿಗೆ ವರ್ಷದ ಅನ್ನವಿಲ್ಲ. ಕೂಗು ಕೇಳಿದ್ದೇ ಮನೆಮಂದಿಯೆಲ್ಲ ಓಡಿದರು. ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತರು, ನಾವು ಮಕ್ಕಳು ಹುಲ್ಲಿನ ಹೊರೆ ಎಳೆದುಕೊಟ್ಟೆವು, ಗಂಡಸರು ನೀರಿಗಿಳಿದು ಗೂಟ ಹೊಡೆದರು. ಅಪ್ಪ ಹಿಡಿದಿದ್ದ ಗೂಟ ಮಗುಚಿ ಅವನ ಪಾದ ಜಜ್ಜಿತು. ಒಡ್ಡು ನಿಲ್ಲುವತನಕ ಅಪ್ಪ ಮೇಲೆ ಬರಲಿಲ್ಲ. ಆಮೇಲೆ ಅವನು ನೆಟ್ಟಗೆ ನಡೆಯಲೂ ಇಲ್ಲ.

ದೀಪಾವಳಿ ಕಳೆದು, ಮನೆಮನೆಯಲ್ಲೂ ಹೊಸ ಅಕ್ಕಿಯ ವಾಸನೆ ಬರುವ ಹೊತ್ತಿಗೆ, ಕಾರವಾರದಿಂದ ಯಾರೋ ದೊಡ್ಡ ಸಾಹೇಬರು ಶಾಲೆ ನೋಡಲು ಬಂದರು. ಅವರಿಗಾಗಿ ನಮ್ಮ ಮಾಸ್ತರರು ಒಡ್ಡಿನ ಕತೆಯನ್ನೇ ನಾಟಕ ಮಾಡಿಸಿದರು. ನಾಟಕದಲ್ಲಿ ಒಡೇರ ಮಗ ಒಬ್ಬನೇ ಒಡ್ಡು ಕಟ್ಟಿದ! ಒಡೇರು ಅಂದರೆ ನಮ್ಮ ಗದ್ದೆಗಳ ಧಣಿ. ಅವರ ಮಗ ಆ ದಿನ ಬಂದಿದ್ದು ಹೌದು, ನಾಲ್ಕು ಬುಟ್ಟಿ ಮಣ್ಣು ಹೊತ್ತಿದ್ದೂ ಹೌದು. ಆದರೆ ನಾಟಕದಲ್ಲಿ ಉಳಿದ ಊರಿಗೆ ಊರೇ ದಂಡೆಯಲ್ಲಿ ನಿಂತು ಎದೆ ಬಡಿದುಕೊಂಡು ಅಳಬೇಕಂತೆ. ಆ ಅಳುವವರಲ್ಲಿ ನಾನೂ ಒಬ್ಬಳು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾಟಕದ ನಡುವೆಯೇ, ನೋಡುತ್ತ ಕೂತಿದ್ದ ಅವ್ವ ಎದ್ದು ನನ್ನತ್ತ ಕೈ ತೋರಿಸಿದಳು.

"ಮಾಸ್ತರ್ರೇ, ಇವಳ ಅಪ್ಪ ಇಲ್ಲೇ ಇದ್ರಲ್ಲ. ಅವ್ರ ಪಾಲು ಎಲ್ ಹೋಯ್ತು?"

"ಕೂತ್ಕೋ ತಾಯಿ. ಕತೆ ಅಂದ್ರೆ ಒಬ್ಬ ನಾಯಕ ಬೇಕು. ಇಂಗ್ಲಿಷ್ ಪುಸ್ತಕದಲ್ಲೆಲ್ಲ ಹಾಗೇ ಇರ್ತದೆ."

"ಹಂಗಾರೆ ಬರೂ ವರ್ಷ ಒಡ್ಡನ್ನೂ ಆ ಒಬ್ರೇ ಕಟ್ಲಿ."

ಸುಕ್ರು ಎದ್ದು ತನ್ನ ಪಾಲು ಹೇಳಿದ. ಅವನ ಹಿಂದೆ ಅವನ ಹೆಂಡತಿ. ಆಮೇಲೆ ಒಬ್ಬೊಬ್ಬರೇ. ಸಾಹೇಬರ ಪಕ್ಕ ಕೂತಿದ್ದ ಒಡೇರ ಮಗನೂ ಎದ್ದು, "ನಾ ನಾಲ್ಕು ಬುಟ್ಟಿ ಹೊತ್ತಿದ್ದೆ, ಅಷ್ಟೇ" ಅಂದ. ಅಪ್ಪನ ಸರದಿ ಬರುವಷ್ಟರಲ್ಲಿ ಸಾಹೇಬರು ಮುಖ ಗಂಟಿಕ್ಕಿಕೊಂಡು ಹೊರಟುಹೋಗಿದ್ದರು. ಆದರೂ ಅಪ್ಪ ಕೋಲೂರಿ ಎದ್ದ. "ನಾ ಗೂಟ ಹಿಡ್ದಿದ್ದೆ" ಅಂದು ಕೂತ.

ಈಗ ನಮ್ಮ ಕಡೆ ಎಲ್ಲರಿಗೂ ಇಡೀ ಕತೆ ಬರುತ್ತದೆ. ಇನ್ನೊಬ್ಬರು ಬರಲಿ ಅಂತ ಕಾಯುವ ತಾಳ್ಮೆ ಮಾತ್ರ ಯಾರಿಗೂ ಇಲ್ಲ. ಮೊನ್ನೆ ನನ್ನ ಮೊಮ್ಮಗ ಇದೇ ಸಂಗತಿಯನ್ನು ಶಾಲೆಯ ಸ್ಪರ್ಧೆಯಲ್ಲಿ ಹೇಳಿ ಮೊದಲ ಬಹುಮಾನ ತಂದ. ಸಾಹೇಬರ ಎದುರು ಒಬ್ಬಳೇ ಎದ್ದು ನಿಂತು, ಒಬ್ಬಳೇ ಗೆದ್ದ ಧೀರೆ ನಮ್ಮ ಮುತ್ತಜ್ಜಿ ಅಂತ. ಅವ್ವ ಯಾವುದನ್ನು ಬೇಡವೆಂದಳೋ ಅದನ್ನೇ ಅವಳ ತಲೆಗೆ ಕಟ್ಟಿದ್ದ. ನನಗೆ ಸಿಟ್ಟು ತಡೆಯಲಾಗಲಿಲ್ಲ.

"ಉಳಿದವರನ್ನೆಲ್ಲ ಎಲ್ಲಿ ಬಿಟ್ಟೆ ತಮಾ?" ಅಂದೆ.

"ಅವರನ್ನೆಲ್ಲ ಸೇರಿಸಿದ್ರೆ ಕತೆ ಉದ್ದ ಆಗ್ತದಜ್ಜಿ," ಅಂದ.

ಆ ಉದ್ದದಲ್ಲಿ ನನ್ನ ಅಪ್ಪ ಇದ್ದ.