ಗುರುಮಲ್ಲಣ್ಣನ ಬಿಳಿ ಸಿಮೆಂಟು

ನಮ್ಮ ಮನೆಯ ಕಮೋಡಿನ ಬುಡದಲ್ಲಿ, ಬಾಗಿಲಿನ ಕಡೆಗೆ, ಬಿಳಿ ಸಿಮೆಂಟಿನ ಮೇಲೆ ಒಂದು ಹೆಬ್ಬೆರಳ ಗುರುತಿದೆ. ಗುರುತಿನ ನಡುವೆ ಅಡ್ಡಕ್ಕೆ ಒಂದು ಗೆರೆ. ಯಾವಾಗಲೋ ಪೈಪು ಕೊಯ್ಯುವಾಗ ಆದ ಗಾಯದ ಕಲೆ ಅದು. ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಯಾರ ಮನೆಯ ಬಚ್ಚಲಿಗೆ ಹೋದರೂ ನಲ್ಲಿಯ ಹಿಂದೆಯೋ ತೊಟ್ಟಿಯ ಅಂಚಿನಲ್ಲೋ ಈ ಗುರುತು ಸಿಗುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಚಿಟಿಕೆ ಸಿಮೆಂಟನ್ನು ಎಲ್ಲಾದರೂ ಒತ್ತಿಯೇ ಗುರುಮಲ್ಲಣ್ಣ ಮೇಲೇಳುತ್ತಿದ್ದುದು.

ಬೇಸಾಯದ ಮನೆತನದವರು. ಪಂಪು, ಕೊಳವೆ ಎಂದು ಹೊಲದಲ್ಲಿ ಶುರುವಾದ ಕೈಚಳಕ ಮೆಲ್ಲಗೆ ಊರೊಳಗಿನ ಮನೆಗಳಿಗೆ ಬಂತು. ಕಮೋಡ್ ಮುಟ್ಟುವ ಮೊದಲು ಅವರು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಎದೆಯಿಂದ ಬೆನ್ನಿಗೆ ತಿರುಗಿಸಿಕೊಳ್ಳುತ್ತಿದ್ದರು. "ಶಿವ್ನೇ, ವಸಿ ಅತ್ಲಾಗ್ ನೋಡ್ಕೊಂಡಿರಪ್ಪ" ಎಂದು ಗಟ್ಟಿಯಾಗಿಯೇ ಹೇಳಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಹೊಲವಿದ್ದವನು ಈ ಕೆಲಸ ಮಾಡುವುದೇ ಎಂದು ನೆಂಟರು ಆಡಿಕೊಳ್ಳುತ್ತಿದ್ದರಂತೆ. ಅಮ್ಮ ಒಮ್ಮೆ ಅದನ್ನು ಕೇಳಿದಾಗ ಗುರುಮಲ್ಲಣ್ಣ ತಲೆ ಎತ್ತದೆ ಹೇಳಿದ್ದರು: "ಅವ್ರು ದಿನಾ ಒತ್ತಾರೆ ಎದ್ದು ಎಲ್ಲಿಗ್ ಓದಾರು ಅಂತ ಕೇಳಕ್ಕ ನೀನು."

ನಾವು ಈ ಮನೆ ಕಟ್ಟಿಸುವಾಗ ನಾನು ಪಿಯುಸಿಯಲ್ಲಿದ್ದೆ. ಗೋಡೆಗೆ ಸುಣ್ಣ ಬೀಳುವ ಮುಂಚೆಯೇ ಬಂದು ಸೇರಿಕೊಂಡಿದ್ದೆವು. ಬಚ್ಚಲಿಗೆ ಬಾಗಿಲಿತ್ತು, ಅಗುಳಿ ಇರಲಿಲ್ಲ. ನಾನು ಯಾರಿಗೂ ಹೇಳಲಾಗದೆ ಒಳಗೊಂದು ತುಂಬಿದ ಬಕೆಟನ್ನು ಬಾಗಿಲಿಗೆ ಅಡ್ಡ ಇಡುತ್ತಿದ್ದೆ. ಗುರುಮಲ್ಲಣ್ಣ ಅದನ್ನು ನೋಡಿದರು. ನಲ್ಲಿ ಕೂರಿಸಬೇಕಿದ್ದ ದಿನ ನಲ್ಲಿ ಕೂರಿಸದೆ ಪೇಟೆಗೆ ಹೋಗಿ ಅಗುಳಿ ತಂದು ಹೊಡೆದರು. "ಮೊದ್ಲು ಬಾಗ್ಲು ಭದ್ರ ಆಗ್ಲಿ. ನೀರ್ ಆಮ್ಯಾಕೆ ಬತ್ತದೆ" ಎಂದರು. ಬಕೆಟಿನ ಮಾತನ್ನೇ ಎತ್ತಲಿಲ್ಲ. ಮುಂದೆ ಅವರು ಎಷ್ಟು ಸಿಟ್ಟು ತರಿಸಿದರೂ ಅವರನ್ನು ಬಿಟ್ಟು ಬೇರೆಯವರನ್ನು ಕರೆಯಲು ಬಹುಕಾಲ ನನ್ನಿಂದ ಆಗದೇ ಹೋಗಿದ್ದು ಆ ಅಗುಳಿಯಿಂದ.

ಸಿಟ್ಟು ತರಿಸುವುದರಲ್ಲಿ ಅವರದು ಪಳಗಿದ ಕೈ. ಕಳೆದ ವರ್ಷ ಅಮ್ಮನಿಗೆ ಮೈಸೂರಿನಲ್ಲಿ ಮಂಡಿಯ ಆಪರೇಷನ್ ಆಯಿತು. ವಾಕರ್ ಹಿಡಿದು ಮನೆಗೆ ಬಂದ ಅಮ್ಮ ಕಮೋಡಿನ ಮೇಲೆ ಕೂತರೆ ಅದು ಎಡಕ್ಕೆ ವಾಲುತ್ತಿತ್ತು. ಮುಂಚೆಯೂ ಕೊಂಚ ಅಲ್ಲಾಡುತ್ತಿತ್ತು, ನಾವು ಗಮನ ಕೊಟ್ಟಿರಲಿಲ್ಲ. ಈಗ ಅಮ್ಮನಿಗೆ ಬೀಳುವ ಭಯ. ನೀರು ಬಿಟ್ಟಾಗ ಬುಡದಿಂದ ಸಣ್ಣಗೆ ಜಿನುಗಿ ನೆಲವೂ ಜಾರುತ್ತಿತ್ತು.

ಗುರುಮಲ್ಲಣ್ಣ ಬಂದರು, ಬೆನ್ನಿಗೆ ಲಿಂಗ ತಿರುಗಿಸಿಕೊಂಡರು, ಬುಡದ ಸುತ್ತ ಬಿಳಿ ಸಿಮೆಂಟು ಮೆತ್ತಿದರು. "ಬಿಗಿ ಮಾಡ್ಬುಟ್ಟೆ ಕಣವ್ವ. ನಿನ್ ಮದ್ವೆ ಆಗೋಗಂಟ ಅಳ್ಳಾಡಕಿಲ್ಲ."

ನನ್ನ ಮದುವೆ ಆಗಲಿಲ್ಲ. ಸಿಮೆಂಟು ಮಾತ್ರ ಬಿರಿಯಿತು. ಮತ್ತೆ ಮೆತ್ತಿದರು, ಮತ್ತೆ ಬಿರಿಯಿತು.

ಚಾಮರಾಜನಗರದ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಕೂತು ನಾನು ಇದರ ಬಗ್ಗೆ ಓದಿಕೊಂಡೆ. ಕಮೋಡನ್ನು ಹಿಡಿದಿಡುವುದು ಸಿಮೆಂಟಲ್ಲ. ನೆಲದೊಳಗಿನ ಪೈಪಿನ ಬಾಯಿಗೆ ಬಳೆಯಂಥ ಒಂದು ಫ್ಲಾಂಜ್ ಇರುತ್ತದೆ. ಅದರ ಕಿವಿಗಳಿಗೆ ಬೋಲ್ಟು ಕಚ್ಚಿಸಿ ಕಮೋಡನ್ನು ಬಿಗಿಯುತ್ತಾರೆ. ಆ ಬಳೆ ಒಡೆದಿದ್ದರೆ ಮೇಲೆ ಎಷ್ಟು ಮೆತ್ತಿದರೂ ಅಷ್ಟೇ.

"ಗುರುಮಲ್ಲಣ್ಣ, ಕಮೋಡ್ ಎತ್ತಿ ಫ್ಲಾಂಜ್ ನೋಡಿ. ಒಡೆದಿದ್ದರೆ ಹೊಸದು ಹಾಕಿ" ಎಂದೆ.

"ಬಳೆಗೇನಾಗದೆ? ಬಳೆ ಕಲ್ಲಿದ್ದಂಗದೆ. ಎತ್ತಿದ್ರೆ ಕಮೋಡೇ ಒಡ್ದೋದದು. ಆಮ್ಯಾಕೆ ನನ್ನ ಬೈಬೇಡ."

"ಒಡೆದರೆ ಒಡೆಯಲಿ. ಎತ್ತಿ."

"ನಾಳಿಕೆ ಒತ್ತಾರೆ ನಾ ಬಂದ್ಬುಟ್ಟೆ ಅಂತ್ಲೇ ತಿಳ್ಕೊ."

ಈ ಮಾತನ್ನು ಅವರು ಊರಿಗೆಲ್ಲ ಹೇಳುತ್ತಿದ್ದರು. ಬಂದೇಬಿಟ್ಟರೆಂದು ತಿಳಿದುಕೊಂಡು ನಾನು ಕಾದೆ, ರಜೆ ಹಾಕಿದೆ, ಅವರು ಬರಲಿಲ್ಲ. ಕೇಳಿದರೆ ಕಾಡಂಚಿನ ಮದ್ದೂರಿನ ಕಡೆ ಯಾವುದೋ ಮನೆಯ ತೊಟ್ಟಿ ಕೆಲಸಕ್ಕೆ ಹೋಗಿದ್ದಾಗಿಯೂ ಬರುವಾಗ ದಾರಿಗೆ ಆನೆ ಅಡ್ಡ ನಿಂತಿದ್ದಾಗಿಯೂ ಹೇಳಿದರು. ನಮ್ಮ ಕಡೆ ಆನೆಯ ನೆಪಕ್ಕೆ ಯಾರೂ ಎದುರಾಡುವಂತಿಲ್ಲ. ಅದು ನಿಜವೂ ಆಗಿರಬಹುದು.

ಒಂದು ಸಂಜೆ ಚಾಮರಾಜನಗರದ ಬಸ್ಸಿಳಿಯುತ್ತಿದ್ದೆ. ನಿಲ್ದಾಣದ ಆಚೆ ಬದಿಯಲ್ಲಿ ಟೀ ಕುಡಿಯುತ್ತಿದ್ದ ಗುರುಮಲ್ಲಣ್ಣ ನನ್ನನ್ನು ಕಂಡು ಅಲ್ಲಿಂದಲೇ ಕೂಗಿದರು: "ಏನವ್ವಾ, ನಿಮ್ ಕಕ್ಕಸು ಇನ್ನೂ ಅಳ್ಳಾಡ್ತಾ ಅದಾ?"

ಊಟಿಯ ಬಸ್ಸಿಗೆ ಕಾದು ನಿಂತವರೆಲ್ಲ ನನ್ನತ್ತ ತಿರುಗಿದರು. ನಾನು ಬಿರಬಿರನೆ ನಡೆದೆ. ಹಿಂದಿನಿಂದ ಇನ್ನೂ ಕೇಳುತ್ತಿತ್ತು: "ಬತ್ತೀನಿ ಕಣವ್ವಾ, ಬಂದ್ಬುಟ್ಟೆ ಅಂತ್ಲೇ ತಿಳ್ಕೊ!"

ಮನೆಗೆ ಬಂದರೆ ಬೆಳಿಗ್ಗೆ ಅಮ್ಮನ ಮಂಚದ ಪಕ್ಕ ಇಟ್ಟು ಹೋಗಿದ್ದ ನೀರಿನ ಜಗ್ಗು ಇಟ್ಟ ಹಾಗೇ ತುಂಬಿತ್ತು. ಕೆಲವು ದಿನಗಳಿಂದ ಹೀಗೇ ಇತ್ತೆಂದು ನನಗೆ ಆಗ ಹೊಳೆಯಿತು. ನಾನು ಕಚೇರಿಯಲ್ಲಿರುವಾಗ ಒಬ್ಬಳೇ ಎದ್ದು ಹೋಗಬೇಕಾದೀತೆಂದು ಅಮ್ಮ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಮೂತ್ರದಲ್ಲಿ ಉರಿ ಎಂದು ಆಮೇಲೆ ಒಪ್ಪಿಕೊಂಡಳು. ಹೀಗೇ ಬಿಟ್ಟರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾದೀತೆಂದು ಡಾಕ್ಟರು ಫೋನಿನಲ್ಲೇ ಗದರಿದರು.

ಆ ವಾರ ನಾನು ಬಷೀರನನ್ನು ಕರೆಸಿದೆ. ಕೇರಳದ ಬತ್ತೇರಿಯಿಂದ ಬಂದು ಪೇಟೆಯಲ್ಲಿ ನೆಲೆಸಿದ ಪ್ಲಂಬರ್. ಕಡಿಮೆ ಮಾತು, ಹೇಳಿದ ಹೊತ್ತಿಗೆ ಬಂದ. ಸಿಮೆಂಟು ಕೆತ್ತಿ ಕಮೋಡನ್ನು ಪಕ್ಕಕ್ಕೆ ಎತ್ತಿಟ್ಟ. ಕೆಳಗಿನ ಬಳೆ ಎರಡು ಕಡೆ ತುಂಡಾಗಿತ್ತು.

"ಒಡೆದಿದೆಯಾ?" ಎಂದೆ.

"ಒಡೆದದ್ದಲ್ಲ ಚೇಚಿ. ಕೊಯ್ದದ್ದು. ನೋಡಿ, ಗರಗಸದ ಹಲ್ಲಿನ ಗುರುತು. ಕೊಯ್ದ ಮೇಲೆ ಬಿರುಕು ಬಿಟ್ಟದ್ದು."

ಬಾಗಿಲಲ್ಲಿ ನೆರಳಾಯಿತು. ಗುರುಮಲ್ಲಣ್ಣ. ನಮ್ಮ ಮನೆಗೆ ಬಳೆ ಕೊಂಡದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಕಿವಿಗೆ ಬಿದ್ದು ಬಂದಿದ್ದರು.

"ಯಾಕವ್ವ, ನಾ ಬತ್ತೀನಿ ಅಂದಿರ್ನಿಲ್ವಾ?"

ಅಷ್ಟು ದಿನ ಹಿಡಿದಿಟ್ಟಿದ್ದು ಹೊರಗೆ ಬಂತು. "ಬಳೆ ಕಲ್ಲಿದ್ದಂಗದೆ ಅಂದ್ರಲ್ಲ? ಇದನ್ನ ಕೊಯ್ದವರು ಯಾರು? ಅಮ್ಮ ನೀರು ಕುಡಿಯೋದನ್ನೇ ಬಿಟ್ಟಿದ್ದಾಳೆ, ಗೊತ್ತಾ ನಿಮಗೆ?"

ಅವರು ನನ್ನನ್ನು ನೋಡಲಿಲ್ಲ. ನಡುಮನೆಯಲ್ಲಿ ವಾಕರ್ ಹಿಡಿದು ನಿಂತಿದ್ದ ಅಮ್ಮನನ್ನು ನೋಡಿದರು. ಮಾತಾಡಿದ್ದು ಅಮ್ಮ.

"ಕೊಯ್ಸಿದ್ದು ನಾನೇ ಕಣೇ."

"ಬುಡಕ್ಕ, ಈಗ್ಯಾಕೆ ಅದು" ಎಂದರು ಗುರುಮಲ್ಲಣ್ಣ.

ಅಮ್ಮ ಬಿಡಲಿಲ್ಲ. ಗೃಹಪ್ರವೇಶಕ್ಕೆ ಮುಂಚೆ ಬಂದು ನೋಡಿದಾಗ ಬಳೆಯನ್ನು ಪೈಪಿಗೆ ಅಂಟಿಸಿ ಆಗಿತ್ತಂತೆ. ಕಮೋಡು ಪೂರ್ವಕ್ಕೆ ಮುಖ ಮಾಡಿತ್ತು. ಸೂರ್ಯನಿಗೆ ಎದುರಾಗಿ ಅಲ್ಲಿ ಕೂರುವುದುಂಟೇ ಎಂದು ಅಮ್ಮ ಹಟ ಹಿಡಿದಳು. ಬಳೆಯ ಕಿವಿಗಳಿದ್ದುದು ಪೂರ್ವಕ್ಕೆ ಹೊಂದುವ ಹಾಗೆ. ಹೊಸ ಬಳೆಗೆ ಆಗ ಮೈಸೂರಿಗೆ ಹೋಗಬೇಕಿತ್ತು, ಶಾಸ್ತ್ರದ ದಿನ ಹತ್ತಿರ ಬಂದಿತ್ತು. ಗುರುಮಲ್ಲಣ್ಣ ಅಡ್ಡ ಬಂದ ಅಂಚನ್ನು ಕೊಯ್ದು, ಕಮೋಡನ್ನು ಉತ್ತರಕ್ಕೆ ತಿರುಗಿಸಿ, ಸಿಮೆಂಟಿನಲ್ಲಿ ಕೂರಿಸಿದರು.

"ನೀನ್ ಏಳ್ದೆ, ನಾ ಮಾಡ್ದೆ" ಎಂದರು ಗುರುಮಲ್ಲಣ್ಣ ಅಮ್ಮನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಎತ್ತಿದ್ರೆ ನಿನ್ ಕಣ್ಗೆ ಬೀಳ್ತಿತ್ತು. ಅಕ್ಕಂಗೆ ನೀ ಏನಂತಿದ್ಯೋ" ಎಂದರು.

ಅವರು ಕಾಪಾಡಿದ್ದು ಅಮ್ಮನ ಮಾನವನ್ನೋ ತಮ್ಮ ಕೆಲಸದ ಮಾನವನ್ನೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾವುದೇ ಆಗಿದ್ದರೂ ಅದಕ್ಕಾಗಿ ಒಣಗಿದ್ದು ಅಮ್ಮನ ತುಟಿ. ಒಂದು ಮಾತು ಹೇಳಿದ್ದರೆ ಒಂದೇ ದಿನದ ಕೆಲಸ. ಆ ಸಿಟ್ಟು ನನ್ನಲ್ಲಿ ಇನ್ನೂ ಪೂರ್ತಿ ಇಳಿದಿಲ್ಲ.

ಬಷೀರ ಹಳೆಯ ಬಳೆ ಕಿತ್ತು ಹೊಸದನ್ನು ಹಿಡಿದು ಕೇಳಿದ, "ಅಮ್ಮಾ, ಇದು ಹೇಗೆ ಬೇಕಾದರೂ ಕೂರುತ್ತದೆ. ಯಾವ ಕಡೆ ಮುಖ ಮಾಡಲಿ?"

"ಯಾವ್ ಕಡೆ ಅಳ್ಳಾಡಲ್ವೋ ಆ ಕಡೆ ಮಾಡಪ್ಪ" ಎಂದಳು ಅಮ್ಮ.

ಗುರುಮಲ್ಲಣ್ಣ ನಕ್ಕರು. ಆಮೇಲೆ, ಯಾರೂ ಕರೆಯದಿದ್ದರೂ, ಕರಡಿಗೆಯನ್ನು ಬೆನ್ನಿಗೆ ತಿರುಗಿಸಿಕೊಂಡು ಬಷೀರನ ಎದುರು ಕುಕ್ಕರಗಾಲಿನಲ್ಲಿ ಕೂತು ಕಮೋಡಿನ ಒಂದು ಬದಿ ಹಿಡಿದರು. ಬೋಲ್ಟು ಬಿಗಿಯಾಗುವವರೆಗೂ ಹಿಡಿದೇ ಇದ್ದರು. ಸಿಮೆಂಟು ಬೇಕಾಗಿಲ್ಲ ಎಂದ ಬಷೀರ. "ಇರ್ಲಿ ಕಣಪ್ಪ" ಎಂದು ತಮ್ಮ ಚೀಲದಿಂದಲೇ ಚಿಟಿಕೆ ತೆಗೆದು, ನೀರು ಮುಟ್ಟಿಸಿ, ಬುಡದಲ್ಲಿ ಒತ್ತಿ ಎದ್ದರು. ಕಾಫಿ ಬೇಡವೆಂದರು. ಬಾಗಿಲು ದಾಟುವಾಗ ಅಗುಳಿಯನ್ನು ಒಮ್ಮೆ ಎಳೆದು ನೋಡಿದರು. ನನಗೆ ಬತ್ತೀನಿ ಎಂದು ಹೇಳಲಿಲ್ಲ.

ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಕಣ್ಣು ಮಂಜಾಯಿತೆಂದು ಕೆಲಸ ಬಿಟ್ಟು ಚಂದಕವಾಡಿಯ ಮಗಳ ಮನೆಗೆ ಹೋದರೆಂದು ಕೇಳಿದೆ. ಅಲ್ಲೇ ತೀರಿಕೊಂಡರೆಂದು ಈಚೆಗೆ ಹಾರ್ಡ್‌ವೇರ್ ಅಂಗಡಿಯವರು ಹೇಳಿದರು. ಬೀದಿಯ ಎಲ್ಲ ಬಚ್ಚಲುಗಳಲ್ಲಿ ಅವರ ಹೆಬ್ಬೆರಳು ಹಾಗೇ ಇದೆ. ಕೆಲವು ಕಡೆ ಅದರ ಪಕ್ಕದಲ್ಲೇ ನೀರು ಜಿನುಗುತ್ತದೆ.

ಅವರು ಕೊನೆಯ ಸಲ ಬಂದುಹೋದ ಮರುದಿನ ಬೆಳಿಗ್ಗೆ ನಾನು ಕಮೋಡಿನ ಎರಡೂ ಬದಿ ಕೈಯಿಟ್ಟು, ಮೈಭಾರವೆಲ್ಲ ಬಿಟ್ಟು ತಳ್ಳಿ ನೋಡಿದೆ. ಕದಲಲಿಲ್ಲ. ಜಗ್ಗಿನ ಹಳೆಯ ನೀರು ಚೆಲ್ಲಿ ಹೊಸದು ತುಂಬಿಸಿ ಅಮ್ಮನ ಕೈಗೆ ಒಂದು ಲೋಟ ಕೊಟ್ಟೆ. ಅರ್ಧ ಕುಡಿದು ಅವಳು ನನ್ನ ಮುಖ ನೋಡಿದಳು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಉಳಿದದ್ದನ್ನು ಅವಳು ಕುಡಿದು ಮುಗಿಸುವವರೆಗೆ ನಾನು ಅಲ್ಲೇ ನಿಂತೆ.