ಬಸವಮ್ಮನ ಕೈ ಜಪಾನಿನ ಪರದೆಗೆ ಬಂದದ್ದು

ಮಧುವನಹಳ್ಳಿಯ ಬಸವಮ್ಮನಿಗೆ ಹೇಸಿಗೆ ಪಡುವುದು ಹುಟ್ಟುಗುಣ. ಬಸ್ಸಿನ ಕಂಬಿ ಹಿಡಿದರೆ ಇಳಿದ ಮೇಲೆ ಕೈ ತೊಳೆಯಲೇಬೇಕು. ಹೋಟೆಲಿನ ಲೋಟವನ್ನು ಇನ್ನೊಮ್ಮೆ ತೊಳೆಸಿ, ಆಮೇಲೂ ತುಟಿಗೆ ತಾಗಿಸದೆ ಎತ್ತಿ ಕುಡಿಯುವವಳು. ಗಂಡ ದೊಡ್ಡಮಾದಪ್ಪ ಎಲೆಯಡಿಕೆ ಉಗಿದ ಜಾಗಕ್ಕೆ ನೀರು ಸುರಿಯುತ್ತ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಇಂಥವಳು ಮದುವೆಯಾಗಿ ಬಂದಾಗಿನಿಂದ ಮಾಡಿಕೊಂಡು ಬಂದ ಕೆಲಸ ಮಾತ್ರ ದಾರಿಹೋಕರು ಮೂಗು ಮುಚ್ಚಿಕೊಳ್ಳುವಂಥದ್ದು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು.

ಬೆಂದ ಹುಳದ ವಾಸನೆ ಒಮ್ಮೆ ಹತ್ತಿದರೆ ಬಿಡುವಂಥದ್ದಲ್ಲ. ಅದಕ್ಕೇ ಶೆಡ್ಡಿಗೆ ಬೇರೆ ಸೀರೆ. ಕೆಲಸ ಮುಗಿದರೆ ಹಿತ್ತಲಲ್ಲೇ ಸೀಗೆಪುಡಿ ಹಾಕಿ ಮೀಯುವುದು, ಹಣೆಗೆ ವಿಭೂತಿ, ಆಮೇಲೆ ಅಡುಗೆಮನೆ. ಮಗಳು ನಾಗಶ್ರೀಯನ್ನು ಶೆಡ್ಡಿನ ಬಾಗಿಲಿಗೂ ಬಿಟ್ಟವಳಲ್ಲ. ಲಿಂಗ ಕಟ್ಟಿದ ಮನೆ ಅದು, ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಜನ. ಅಂಥ ಮನೆಯಲ್ಲಿ ದಿನವೂ ಕುದಿನೀರಿಗೆ ಜೀವ ಸುರಿಯಬೇಕಲ್ಲ ಎಂದು ತೀರಿಹೋದ ಅತ್ತೆ ಅವಳಿಗೊಂದು ಮಾತು ಕಲಿಸಿದ್ದಳು. ಪ್ರತಿ ಮಂಕರಿ ಗೂಡು ಸುರಿಯುವಾಗಲೂ ಬೆಟ್ಟದ ದೇವರಿಗೆ ಅದನ್ನು ಮೆಲ್ಲಗೆ ಹೇಳಬೇಕು: “ಮನ್ನಿಸು ಮಾದಪ್ಪ, ಒಟ್ಟೆಪಾಡು.” ಬಸವಮ್ಮ ಒಂದು ದಿನವೂ ತಪ್ಪಿಸಿರಲಿಲ್ಲ. ಪಕ್ಕದಲ್ಲಿ ಮಲಗುವ ಗಂಡನೂ ಆ ಮಾತನ್ನು ಕೇಳಿರಲಿಲ್ಲ.

ಹೋದ ವರ್ಷ ಅಯಾಕೊ ಎಂಬ ಜಪಾನಿನ ಹುಡುಗಿ ಬಂದಳು. ಕೊಳ್ಳೇಗಾಲದಲ್ಲಿ ಸಿನಿಮಾ ಬಳಗ ಕಟ್ಟಿಕೊಂಡಿದ್ದ ಮೇಷ್ಟ್ರು ಕುಮಾರಸ್ವಾಮಿ ಅವಳನ್ನು ಕರೆತಂದಿದ್ದರು. ಬದುಕು, ಪ್ರೀತಿ, ಭಾಷೆ ಇವುಗಳ ಮೇಲೆ ಅವಳೂ ಅವಳ ಗೆಳೆಯರೂ ಪುಟ್ಟ ಪುಟ್ಟ ಚಿತ್ರ ಮಾಡುತ್ತಾರಂತೆ, ಕಥೆಯಿಲ್ಲದ ಪ್ರಯೋಗದ ಚಿತ್ರಗಳಂತೆ. ಬಸವಮ್ಮನಿಗೆ ಗೊತ್ತಿದ್ದ ಶೂಟಿಂಗ್ ಎಂದರೆ ಮದುವೆ ವಿಡಿಯೋ ಒಂದೇ. ಮಾರನೆಯ ದಿನ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕ್ಯಾಮೆರಾದ ಮುಂದೆ ಕಂಬದಂತೆ ನಿಂತಳು. ಹುಡುಗಿ ನಗುತ್ತ ಅದನ್ನೂ ಹಿಡಿದುಕೊಂಡಳು. ಆಮೇಲಿನ ದಿನಗಳಲ್ಲಿ ಯಂತ್ರವನ್ನು ಕುದಿನೀರಿನ ತೊಟ್ಟಿಯ ಪಕ್ಕ ಸ್ಟೂಲಿನ ಮೇಲಿಟ್ಟು, ಗುಂಡುಸೂಜಿಯಷ್ಟು ಮೈಕು ಸಿಕ್ಕಿಸಿ, ತಾನು ವಾಸನೆ ತಡೆಯಲಾರದೆ ಹೊರಗೆ ಹೋಗಿ ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಬಸವಮ್ಮ ಆ ಯಂತ್ರವನ್ನು ಮರೆತೇಬಿಡುತ್ತಿದ್ದಳು.

ಅಯಾಕೊ ತನ್ನ ಊರಿಗೆ ಮರಳಿದ ಮೇಲೆ, ಈ ವರ್ಷ, ನಾಗಶ್ರೀಗೆ ಯಳಂದೂರಿನ ಶಿವರತ್ನಮ್ಮನ ಮಗನ ಸಂಬಂಧ ಕೂಡಿಬಂದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು, ಫೋನಿನಲ್ಲಿ ಮಾತೂ ನಡೆದಿತ್ತು. ಎಲೆಶಾಸ್ತ್ರ ಒಂದು ಆಗಬೇಕಿತ್ತು. ‘ನಮ್ಮದು ರೇಷ್ಮೆ ವ್ಯವಹಾರ’ ಎಂದಷ್ಟೇ ಬಸವಮ್ಮ ಬೀಗರಿಗೆ ಹೇಳಿದ್ದಳು. ಜಪಾನಿನ ಚಿತ್ರಗಳನ್ನು ಕೊಳ್ಳೇಗಾಲದಲ್ಲಿ ತೋರಿಸುತ್ತಾರೆ ಎಂದು ಮೇಷ್ಟ್ರು ಸುದ್ದಿ ಕಳಿಸಿದ್ದೇ ತಡ, ಅವಳು ಯಳಂದೂರಿಗೆ ಹೋಗಿ ಕುಂಕುಮ ಇಟ್ಟು ಬೀಗರನ್ನು ಕರೆದು ಬಂದಳು. ಮಗಳು ಪರದೆಯ ಮೇಲೆ ಬರುತ್ತಾಳಲ್ಲ, ನೋಡಿ ಹಿಗ್ಗಲಿ ಅಂತ. ತೊಟ್ಟಿಯ ಹೊಲಸನ್ನು ಯಾರು ತಾನೇ ಪರದೆಗೆ ಹಾಕುತ್ತಾರೆ ಎಂಬುದು ಅವಳ ಎಣಿಕೆ. ಬುತ್ತಿಗೆ ಪುಳಿಯೋಗರೆ, ಕೊಬ್ಬರಿಮಿಠಾಯಿ ಕಟ್ಟಿಸಿದ್ದಾಯಿತು.

ಭಾನುವಾರ ಮಧ್ಯಾಹ್ನ ಕೊಳ್ಳೇಗಾಲದ ಸಭಾಂಗಣದಲ್ಲಿ ದೀಪ ಆರಿತು. ಮೊದಲನೆಯ ಚಿತ್ರದಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಒಂದೇ ಒಂದು ಕಿತ್ತಳೆ ಸುಲಿದರು. ಮಾತಿಲ್ಲ, ಕತೆಯಿಲ್ಲ. “ರೀಲು ಸಿಗಾಕ್ಕಂಡದೆ ಕಣ್ಲಾ, ಯಾರಾರ ಓಗಿ ನೋಡ್ರುಲಾ” ಎಂದ ದೊಡ್ಡಮಾದಪ್ಪ. ಎರಡನೆಯದರಲ್ಲಿ ಬರೀ ಬಾಯಿಗಳು. ಗೋಡೆಯಗಲದ ನಾಲಿಗೆ, ಎಂಜಲು, ಅಕ್ಷರ ಉಗುಳುವ ತುಟಿಗಳು. ಬಸವಮ್ಮ ಮುಖ ತಿರುಗಿಸಿ “ಥೂ” ಅಂದಳು.

ಮೂರನೆಯದು ಅಯಾಕೊ ಹಿಡಿದದ್ದು. ಹೆಸರನ್ನು ಮೇಷ್ಟ್ರೇ ಕನ್ನಡದಲ್ಲಿ ಓದಿ ಹೇಳಿದರು: ‘ಮನ್ನಿಸು’. 

ಪರದೆಯ ತುಂಬ ಒಂದು ಕೈ. ನೀರಿನಲ್ಲಿ ನೆನೆದು ಬಿಳಿಚಿ ಸುಕ್ಕಾದ ಬೆರಳು, ಹಳದಿ ಉಗುರು, ಸಂದಿಯಲ್ಲಿ ಹುಣ್ಣು. ಅದು ತನ್ನದೇ ಕೈ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗೂಡು ನೀರಿಗೆ ಬಿತ್ತು. ಅರ್ಧ ಮಾತ್ರ ಗೂಡು ಕಟ್ಟಿದ್ದ ಒಂದು ಹುಳ ಸುರುಟಿಕೊಂಡು, ಬಿಚ್ಚಿಕೊಂಡು, ಮತ್ತೆ ಸುರುಟಿಕೊಂಡಿತು. ಕ್ಯಾಮೆರಾ ಅಲ್ಲಿಂದ ಕದಲಲೇ ಇಲ್ಲ. ಆವಿಯೊಳಗಿಂದ ಅವಳದೇ ದನಿ ಬಂತು: “ಮನ್ನಿಸು ಮಾದಪ್ಪ, ಒಟ್ಟೆಪಾಡು.” ಮತ್ತೊಂದು ಮಂಕರಿ, ಮತ್ತದೇ ಮಾತು. ರೇಷ್ಮೆ ಸೀರೆ ಇಲ್ಲ, ಮಲ್ಲಿಗೆ ಇಲ್ಲ, ನಾಗಶ್ರೀ ಇಲ್ಲ. ಯಾರೋ ಬಚ್ಚಲುಮನೆಯ ಬಾಗಿಲನ್ನು ಊರೆದುರು ತೆಗೆದಿಟ್ಟ ಹಾಗೆ ಅವಳಿಗೆ ಮೈಯೆಲ್ಲ ಮುದುಡಿತು.

ದೀಪ ಹತ್ತಿದಾಗ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ ಬಂದರು. “ಆ ಮಾತೇ ಚಿತ್ರದ ಜೀವಾಳ ಬಸವಮ್ಮ. ಜಪಾನಿನಲ್ಲಿ ಜನ ಅತ್ತುಬಿಟ್ಟರಂತೆ.”

“ಅದು ನಂಗೂ ಮಾದಪ್ಪಂಗೂ ಇದ್ದ ಮಾತು ಸಾ. ಆ ಮಗಿಗೆ ಯಾರು ಕೊಟ್ರು ಅದ?”

 ಮೇಷ್ಟ್ರ ಉತ್ತರಕ್ಕೆ ಕಾಯದೆ ಅವಳು ಹೊರಗೆ ನಡೆದಳು.

ಜಗಲಿಯಲ್ಲಿ ಶಿವರತ್ನಮ್ಮ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಪರದೆಯಿಂದ ವಾಸನೆ ಬಂದಿತ್ತೋ ಏನೋ ಎಂಬಂತೆ. ಜರಿಯಂಚಿನ ಅಪ್ಪಟ ರೇಷ್ಮೆ ಸೆರಗು. “ನೂಲು ಮಾರೋರು ಅನ್ಕಂಡಿದ್ವಿ ಕಣವ್ವ. ಇಂಗೆ ಜೀವ ಬೇಯ್ಸೋ ಮನೆ ಅಂತ ಗೊತ್ತಿರ್ನಿಲ್ಲ. ಓಗ್ಲಿ ಬುಡು, ಹುಡ್ಗಿ ಮ್ಯಾಲೆ ನಮ್ಗೇನೂ ಇಲ್ಲ. ಮದ್ವೆ ಒಳ್ಗೆ ಆ ಕೆಲ್ಸ ಬುಟ್ಬುಡಿ. ಧಾರೆ ಸೀರೆ, ನಮ್ಮ ಹೆಣ್ಮಕ್ಳಿಗೆ ಕೊಡೋ ಸೀರೆ ಮಾತ್ರ ಮಾತಾಡ್ದಂಗೆ ರೇಷ್ಮೇವೇ ಆಗ್ಲಿ.”

ನಾಗಶ್ರೀ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಹೂಂ ಅಂದುಬಿಡವ್ವ ಎಂದು ಆ ಕಣ್ಣು ಬೇಡುತ್ತಿತ್ತು. ಬಸವಮ್ಮನಿಗೂ ಅದು ಕಂಡಿತು. ಆದರೆ ಮೂಗು ಮುಚ್ಚಿದ ಆ ರೇಷ್ಮೆ ಸೆರಗನ್ನು ಕಂಡು ಅವಳಿಗೆ ಹೇಸಿಗೆಯಾಯಿತು.

“ನಿಮ್ಗೆಲ್ಲ ಹತ್ತಿ ಸೀರೆ ತತ್ತೀನಿ ಕಣಕ್ಕ” ಎಂದಳು. “ಅದ್ರಲ್ಲಿ ಯಾರೂ ಬೆಂದಿರಾಕಿಲ್ಲ.”

ಬೀಗರು ಬುತ್ತಿ ಬಿಚ್ಚದೆ ಯಳಂದೂರಿನ ಬಸ್ಸು ಹತ್ತಿದರು. ಊರಿಗೆ ಬರುವಾಗ ನಾಗಶ್ರೀ ತಾಯಿಯ ಪಕ್ಕ ಕೂರಲಿಲ್ಲ. ಇಳಿಯುವಾಗ ಒಂದೇ ಮಾತು ಅಂದಳು: “ಹೂಂ ಅಂದಿದ್ರೆ ನಿನ್ ಗಂಟೇನು ಓಯ್ತಿತ್ತು?”  ಬಸವಮ್ಮ ಆಡಿದ ಮಾತು ಸರಿಯೇ ಇತ್ತು, ಅದರ ಬೆಲೆ ತೆತ್ತವಳು ಮಾತ್ರ ಮಗಳು.

ಬೆಳಿಗ್ಗೆ ಎದ್ದು ಶೆಡ್ಡಿನ ಸೀರೆ ಸುತ್ತಿಕೊಂಡು ಒಲೆ ಹಚ್ಚಿದಳು. ನೀರು ಕುದಿಯಿತು. ಮಂಕರಿ ಎತ್ತಿ ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಸ್ಟೂಲು ಖಾಲಿಯಿತ್ತು. ಆದರೂ ಅತ್ತ ನೋಡಿದಳು. ಆ ಮಾತು ಹೇಳಿದರೆ ಪರದೆಯ ಮೇಲಿನ ಹೆಂಗಸಿನ ಹಾಗೆ ಕೇಳಿಸುತ್ತದೆ, ಯಾರಿಗೋ ತೋರಿಸಲು ಹೇಳಿದಂತಾಗುತ್ತದೆ. ಕಾದಳು. ಬರಲಿಲ್ಲ. ಕೊನೆಗೆ ಏನೂ ಹೇಳದೆ ಗೂಡು ಸುರಿದುಬಿಟ್ಟಳು.

ಮನ್ನಿಸು ಎನ್ನದೆಯೂ ನೂಲು ದಿನದಂತೆಯೇ ಬಂತು. ಎಲ್ಲೂ ಕಡಿಯಲಿಲ್ಲ, ಹೊಳಪು ಒಂದಿಷ್ಟೂ ಕಡಿಮೆಯಾಗಲಿಲ್ಲ. ಬಸವಮ್ಮ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾದದ್ದು ಅವಳಿಗೆ ಆಗ.