ಪರಿವಿಡಿ ಬರೆಯುವಷ್ಟು ಹೊತ್ತು

ಟಾರ್ಚಿನ ಕೆಲಸ ಮುಗಿದ ಕೂಡಲೇ ಅದರ ಬೆನ್ನು ಬಿಚ್ಚಿ, ಸೆಲ್ಲುಗಳನ್ನು ಹೊರತೆಗೆದು, ಕರವಸ್ತ್ರದಲ್ಲಿ ಸುತ್ತಿ ಬೇರೊಂದು ಡ್ರಾವರಿನಲ್ಲಿ ಮಲಗಿಸುವುದು ನನ್ನ ಬಹುಕಾಲದ ಅಭ್ಯಾಸ. ಇದರಿಂದ ಸೆಲ್ಲು ಸೋರುವುದಿಲ್ಲ, ಟಾರ್ಚಿಗೆ ತುಕ್ಕು ಹಿಡಿಯುವುದಿಲ್ಲ. ಕರೆಂಟು ಹೋದಾಗ ಮಾತ್ರ ಟಾರ್ಚು ಹುಡುಕಲು ಒಂದು ಮೇಣದಬತ್ತಿ, ಸೆಲ್ಲು ಹುಡುಕಲು ಇನ್ನೊಂದು ಬೇಕಾಗುತ್ತದೆ. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ನಮ್ಮ ಸಿಸ್ಟರ್ ಪ್ರತಿ ಶನಿವಾರ ಹುಡುಗಿಯರ ಟಾರ್ಚುಗಳ ಉದರಪರೀಕ್ಷೆ ಮಾಡುತ್ತಿದ್ದರು. ಅವರು ಕಲಿಸಿದ ದೇವರ ಭಯ ಅಷ್ಟಾಗಿ ಉಳಿಯಲಿಲ್ಲ; ಸೆಲ್ಲಿನ ಭಯ ಉಳಿಯಿತು. ಸಣ್ಣ ಸಣ್ಣ ಹ್ಯಾಬಿಟ್ಟುಗಳಿಂದಲೇ ಕ್ಯಾರೆಕ್ಟರ್ ಬೆಳೆಯುತ್ತದೆ ಎನ್ನುತ್ತಿದ್ದರು. ನನ್ನದು ಎಷ್ಟು ಬೆಳೆಯಿತೆಂಬುದನ್ನು, ಓದುಗ ಮಹಾಶಯರೇ, ನೀವೇ ನೋಡಿ.

ಹಡಗಿನ ನೌಕರಿಯಿಂದ ನಿವೃತ್ತನಾದ ನನ್ನ ತಮ್ಮ, ಜಪಾನಿನಲ್ಲಿ ಕೊಂಡ ಮಿನಿಡಿಸ್ಕ್ ರೆಕಾರ್ಡರೊಂದನ್ನು ಅದರ ದಪ್ಪನೆಯ ಸರ್ವಿಸ್ ಮ್ಯಾನ್ಯುಯಲ್ ಸಮೇತ ನನಗೆ ಕೊಟ್ಟಿದ್ದ. ಅಂಗೈಯಗಲದ ಯಂತ್ರ, ಅದರೊಳಗೆ ಬಿಸ್ಕತ್ತಿನಂಥ ಒಂದು ಡಿಸ್ಕು, ಧ್ವನಿಯನ್ನು ಲೇಸರ್ ಕಿರಣದಿಂದ ಅದರ ಮೇಲೆ ಬರೆಯುತ್ತದಂತೆ. ಇಂಥ ಸೂಕ್ಷ್ಮಯಂತ್ರಕ್ಕೆ ನಾನು ಕೊಟ್ಟ ಮೊದಲ ಕೆಲಸವೆಂದರೆ ಖಾನಾಪುರದಲ್ಲಿ ಮೈದುನನ ಮನೆಯಲ್ಲಿರುವ ನನ್ನ ಅತ್ತೆಯ ಬೀಸುವ ಪದಗಳನ್ನು ಹಿಡಿದಿಡುವುದು. ಎಂಬತ್ತಾರರ ಅತ್ತೆಗೆ ಉಳಿದಿದ್ದದ್ದು ಮುಂದಿನ ಐದು ಹಲ್ಲು. ಅವನ್ನೂ ಮುಂದಿನ ಸೋಮವಾರ ಬೆಳಗಾವಿಯ ಡೆಂಟಿಸ್ಟ್ ಕೀಳುವವರಿದ್ದರು. “ಹಲ್ಲ ಹೋದ ಮ್ಯಾಲ ಪದಾ ಎಲ್ಲಿದು, ಬರೇ ಗಾಳಿ,” ಎಂದು ಅತ್ತೆಯೇ ಗಡುವು ಹಾಕಿದ್ದರು.

ಬೀಸುಕಲ್ಲಿನ ಗೂಟಕ್ಕೆ ಕೈ ಹಾಕದೆ ಅವರು ಎಂದೂ ಒಂದು ಪದ ಹಾಡಿದವರಲ್ಲ. ಅಂದು ಒಂದು ಬೊಗಸೆ ಜೋಳ ಹಾಕಿಕೊಂಡು ಹಾಡತೊಡಗಿದರು. ಬೀಸುವ ಪದಗಳಲ್ಲಿ ತವರು ಬರುತ್ತದೆ, ಅಣ್ಣತಮ್ಮಂದಿರು ಬರುತ್ತಾರೆ, ದೇವರು ಬರುತ್ತಾನೆ, ಎತ್ತುಗಳೂ ಬರುತ್ತವೆ. ಕಾನ್ವೆಂಟಿನಿಂದ ಸೊಸೆಯಾಗಿ ಬಂದು, ಮೊದಲ ದಿನವೇ ಈ ಕಲ್ಲಿನ ಸುತ್ತ ಹಿಟ್ಟು ಚೆಲ್ಲಿ ನಗೆಪಾಟಲಾದ ನಾನು ಮಾತ್ರ ನಲವತ್ತು ವರ್ಷಗಳಲ್ಲಿ ಎತ್ತುಗಳ ಸರದಿಯವರೆಗೂ ಬಡ್ತಿ ಪಡೆದಿರಲಿಲ್ಲ. ಆದರೆ ಅಂದು, ಕೊನೆಯ ಹಿಡಿ ಕಾಳು ಹಾಕುತ್ತ, ನನ್ನತ್ತ ನೋಡದೆಯೇ ಅತ್ತೆ ಹಾಡಿದರು:

“ಇಂಗ್ಲಿಷ ಕಲತಾಕಿ, ಹಿಟ್ಟೆಲ್ಲ ಚೆಲ್ಲಾಕಿ,
ಬೀಸಾಕ ಬರದಾಕಿ – ನನ ಸೊಸಿ –
ಬಿಟ್ಟಿರಾಕ ಆಗದಾಕಿ.”

ಬಸ್ಸಿನುದ್ದಕ್ಕೂ ಯಂತ್ರವನ್ನು ಎದೆಗವಚಿಕೊಂಡು ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಗೆ ಬಂದೆ. ಸೆಲ್ಲು ಹಾಕಿ ಗುಂಡಿ ಒತ್ತಿದರೆ ಕಿರುಪರದೆಯ ಮೇಲೆ ಎರಡೇ ಶಬ್ದ: ಬ್ಲ್ಯಾಂಕ್ ಡಿಸ್ಕ್.

ಆಟೋ ನಗರದಲ್ಲಿ ಪಾರಿಸಪ್ಪನೆಂಬ ರಿಪೇರಿಯವನಿದ್ದಾನೆ. ಲಾರಿ ಗ್ಯಾರೇಜುಗಳ ನಡುವಿನ ಒಂದು ಕಿಂಡಿಯಂಥ ಅಂಗಡಿಯಲ್ಲಿ ಮೂವತ್ತು ವರ್ಷ ರೇಡಿಯೋ, ಟೇಪ್‌ರೆಕಾರ್ಡರುಗಳ ನಾಡಿ ಹಿಡಿದವನು. ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ಸಪ್ಪಗಾದ. “ಬಾಯಾರ, ಟೇಪಿಗಿ ಒಂದ ಸ್ಕ್ರೂ ಇರತಿತ್ತರಿ. ಕಿವಿ ಕೊಟ್ಟ ತಿರುವಿದರ ಧ್ವನಿ ಸ್ವಚ್ಛ ಆಗತಿತ್ತು. ಇದಕ್ಕ ಏನ ತಿರುವೂದ್ರಿ?” ಇದರಲ್ಲಿ ತಿರುಗಿಸುವಂಥದ್ದೇನೂ ಇರಲಿಲ್ಲ; ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಏಳುವ ಸಂಖ್ಯೆಗಳಿದ್ದವು, ಅವನ್ನು ಏರಿಸಿ ಇಳಿಸಬೇಕಿತ್ತು. ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿತ್ತು. ಹೀಗಾಗಿ ನನ್ನ ಕಾನ್ವೆಂಟ್ ವಿದ್ಯೆಗೆ ಈ ಇಳಿವಯಸ್ಸಿನಲ್ಲಿ ಪುನರ್ಜನ್ಮ ಸಿಕ್ಕಿತು: ನಾನು ಓದುವುದು, ಅವನು ಮಾಡುವುದು.

ಲೇಸರನ್ನು ನೇರವಾಗಿ ನೋಡಬಾರದು ಎಂದು ಓದಿದೆ; ಅವನು ಕಣ್ಣು ಮುಚ್ಚಿದ. ಕಣ್ಣು ಮುಚ್ಚಬೇಕಿಲ್ಲ, ಒಂದು ಅಡಿ ದೂರವಿದ್ದರೆ ಸಾಕು ಎಂದು ಅರ್ಥ ಹೇಳಿದೆ. ಕಂಪನರಹಿತ ಸ್ಥಳದಲ್ಲಿ ಕೆಲಸ ಮಾಡಬೇಕು ಎಂದು ಓದುವಷ್ಟರಲ್ಲಿ ಪಕ್ಕದವರು ಲಾರಿಯ ಚಾಸಿಸ್ ಬಡಿದು ಸುತ್ತಿಗೆಯಿಂದ ಉತ್ತರ ಕೊಟ್ಟರು. ಲೆನ್ಸನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದ. ಒಂದು ಸಂಖ್ಯೆ ಏರಿಸಿದರೆ ಯಂತ್ರ ಡಿಸ್ಕನ್ನೇ ಗುರುತಿಸಲಿಲ್ಲ. ಮೊದಲಿನ ಸಂಖ್ಯೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆನಾಗಿ ಮರಳಿ ಹೊಂದಿಸಿದೆವು. ಪಾರಿಸಪ್ಪ ಜೈನ, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವನು. ಹೀಗಾಗಿ ಮಧ್ಯಾಹ್ನ ಇಳಿದಂತೆ ಅವನ ಒಂದು ಕಣ್ಣು ಲೆನ್ಸಿನ ಮೇಲೆ, ಒಂದು ಕಣ್ಣು ಬಿಸಿಲ ಮೇಲೆ.

ಮೂರನೆಯ ದಿನ, ಶನಿವಾರ, ಹೊಸ ಡಿಸ್ಕು ಹಾಕಿ ಅದೇ ಲಾರಿಯ ಬಡಿತವನ್ನು ರೆಕಾರ್ಡ್ ಮಾಡಿದ. ಅವನ ಕೈಯಲ್ಲಿ ಸ್ಪಷ್ಟವಾಗಿ ಬಂತು. ನಾನು ಮಾಡಿದೆ: ಬಡಿತದ ಗುರುತೇ ಇಲ್ಲ. ಅವನು ಮತ್ತೆ ಮಾಡಿದ, ಬಂತು. ನಾನು ಮಾಡಿದೆ, ಖಾಲಿ. ಆಗ ಪಾರಿಸಪ್ಪ ಕೈಕಟ್ಟಿ ಕುಳಿತು, “ಇನ್ನೊಮ್ಮೆ ಮಾಡ್ರಿ, ಸಾವಕಾಶ ನೋಡತೀನಿ,” ಎಂದ. ನಾನು ರೆಕಾರ್ಡ್ ಒತ್ತಿದೆ, ಸ್ಟಾಪ್ ಒತ್ತಿದೆ, ಸೆಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿದೆ.

“ಅಯ್ಯ ಬಾಯಾರ!” ಪಾರಿಸಪ್ಪ ಹಣೆ ಬಡಿದುಕೊಂಡ. “ಊಟಾ ಮುಗಿಯೂದರಾಗ ತಾಟ ಎಳದಂಗ ಮಾಡಿದ್ರಲ್ರಿ! ನಿಲ್ಲಿಸಿದ ಮ್ಯಾಲೆ ಅದು ಒಳಗ ಏನೋ ಬರಕೋತೈತ್ರಿ. ಅಲ್ಲೆ ಮಿಣಮಿಣ ಅನ್ನಾಕತ್ತಿತ್ತು, ನೋಡಲಿಲ್ಲೇನು?”

ಯಂತ್ರ ಬರೆದುಕೊಳ್ಳುತ್ತಿದ್ದದ್ದು ಪರಿವಿಡಿ: ಯಾವ ಹಾಡು ಎಲ್ಲಿ ಶುರು, ಎಲ್ಲಿ ಮುಗಿತಾಯ. ಸರ್ವಿಸ್ ಮ್ಯಾನ್ಯುಯಲ್ಲನ್ನು ಪುಟಗಟ್ಟಲೆ ಪಾರಾಯಣ ಮಾಡಿದ ಪಂಡಿತೆ, ಬಳಸುವವರಿಗೆಂದೇ ಕೊಟ್ಟಿದ್ದ ಪುಟ್ಟ ಪುಸ್ತಿಕೆಯ ಎರಡನೆಯ ಪುಟವನ್ನು ಓದಿರಲಿಲ್ಲ.

“ಹಂಗಾದರ ಅತ್ತೀ ಪದಾ?”

“ಪದಾ ಅದರಾಗ ಅದಾವ್ರಿ. ಎಲ್ಲಿ ಅದಾವ ಅಂತ ಅದಕ್ಕ ಗೊತ್ತಿಲ್ಲ. ತಗಿಯೂದು ನನ್ನ ಕಡಿಂದ ಆಗೂದಿಲ್ಲ.”

ಈ ಸ್ಥಿತಿ ನನಗೆ ಅಪರಿಚಿತವಲ್ಲ. ಅಡುಗೆಮನೆಗೆ ಹೋಗಿ, ಯಾತಕ್ಕೆ ಬಂದೆನೆಂದು ತಿಳಿಯದೆ ಒಲೆಯ ಮುಂದೆ ನಿಲ್ಲುವ ನನ್ನ ವಯಸ್ಸಿನವರೆಲ್ಲ ಇಂಥ ಬ್ಲ್ಯಾಂಕ್ ಡಿಸ್ಕುಗಳೇ. ಆದರೆ ಆ ಮೂರು ಸಾಲಿಗಾಗಿ ನಾನು ನಲವತ್ತು ವರ್ಷ ಕಾದಿದ್ದೆ. ಸೋಮವಾರಕ್ಕೆ ಒಂದೇ ದಿನವಿತ್ತು.

ಭಾನುವಾರ ಖಾನಾಪುರಕ್ಕೆ ಓಡಿದೆ. ಅತ್ತೆ ಬೇಸರಿಸದೆ ಮತ್ತೆ ಜೋಳ ಹಾಕಿ, ತವರು, ತಮ್ಮಂದಿರು, ದೇವರು, ಎತ್ತು, ಎಲ್ಲವನ್ನೂ ಹಾಡಿದರು. ಪದದಲ್ಲಿ ನಾನು ಮಾತ್ರ ಬರಲಿಲ್ಲ. “ಅತ್ತೀ, ಅವತ್ತ ಕಡೀಕ ಒಂದ ಪದಾ ಅಂದಿದ್ರಲ್ರಿ?” ಎಂದು ಮೆಲ್ಲಗೆ ಕೇಳಿದೆ.

“ಯಾವದ ಅದು? ಕಲ್ಲ ತಿರಗತ ಬಂದಿತ್ತು, ಕಲ್ಲಿನ ಕೂಡ ಹೋತು. ನೀನ ಹೇಳಿಕೊಡು, ಅಂತೀನಿ.”

ನನ್ನ ಹೊಗಳಿಕೆಯನ್ನು ನಾನೇ ಡಿಕ್ಟೇಷನ್ ಕೊಡುವ ಧೈರ್ಯವನ್ನು ಕಾನ್ವೆಂಟು ಕಲಿಸಿರಲಿಲ್ಲ. “ಇರಲಿ ಬಿಡ್ರಿ,” ಎಂದು ಸ್ಟಾಪ್ ಒತ್ತಿದೆ. ಪರದೆ ಮಿನುಗತೊಡಗಿತು. ಕೈ ತಾನಾಗಿ ಸೆಲ್ಲಿನತ್ತ ಹೋಯಿತು, ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡೆ. ಅತ್ತೆ ಗೂಟ ಬಿಟ್ಟು, ಕಲ್ಲಿನ ಸುತ್ತಲಿನ ಹಿಟ್ಟನ್ನು ಸೆರಗಿನ ತುದಿಯಿಂದ ಬಳಿಯುತ್ತಿದ್ದರು. ಕೈಯಲ್ಲಿ ಗೂಟವಿಲ್ಲದೆ ಅವರು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು:

“ಮಿಷನ್ನ ತಂದಾಕಿ, ಬಾಯ್ಮುಂದ ಹಿಡದಾಕಿ,
ಬೀಸಾಕ ಬರದಾಕಿ – ನನ ಸೊಸಿ –
ಬಿಟ್ಟಿರಾಕ ಆಗದಾಕಿ.”

ಯಂತ್ರ, ಈ ಪದವೊಂದನ್ನು ಬಿಟ್ಟು ಉಳಿದೆಲ್ಲದರ ಪರಿವಿಡಿಯನ್ನು ನಿಷ್ಠೆಯಿಂದ ಬರೆಯುತ್ತಿತ್ತು. ಅದು ಬರೆದು ಮುಗಿಸುವವರೆಗೂ ನಾನು ಅಲುಗಾಡಲಿಲ್ಲ. ಇನ್ನೊಮ್ಮೆ ಹಾಡಿರೆಂದು ಕೇಳಲೂ ಇಲ್ಲ.

ಸೋಮವಾರ ಹಲ್ಲು ಹೋದವು. ಅಂದಿನಿಂದ ನಾನು ಯಾವುದರ ಸೆಲ್ಲನ್ನೂ ಅವಸರದಿಂದ ತೆಗೆಯುವುದಿಲ್ಲ. ಮೊನ್ನೆ ಕರೆಂಟು ಹೋದಾಗ ಒಂದೂ ಮೇಣದಬತ್ತಿ ಹಚ್ಚದೆ ಟಾರ್ಚು ಕೈಗೆ ಸಿಕ್ಕಿತು, ಆದರೆ ಬೆಳಗಲಿಲ್ಲ: ಸೆಲ್ಲು ಸೋರಿ ಸ್ಪ್ರಿಂಗು ಹಸಿರುಗಟ್ಟಿತ್ತು. ಆಟೋ ನಗರಕ್ಕೆ ಒಯ್ದೆ. ಪಾರಿಸಪ್ಪ ಅದರ ಬೆನ್ನು ಬಿಚ್ಚಿ ಒಳಗೆ ಇಣುಕಿ, ಬಹಳ ವಿನಯದಿಂದ ಹೇಳಿದ:

“ಬಾಯಾರ, ಇದರಾಗಿಂದು ತಗಿಬೇಕಿತ್ತಲ್ರಿ.”